ಕೋಲಾರದ ಕೆರೆಗಳನ್ನ ಆನ್‌ಲೈನ್ ಮ್ಯಾಪಿಗೆ ತಂದಿದ್ದು: ನನ್ನ ಅನುಭವ

ಕೋಲಾರದ ಕಡೆ ಊರು ಅಂದ್ಮೇಲೆ ಒಂದು ಕೆರೆ ಇದ್ದೇ ಇರುತ್ತೆ, ಆದ್ರೆ ಆನ್‌ಲೈನ್ ಮ್ಯಾಪಲ್ಲಿ ದೊಡ್ಡವು ಬಿಟ್ರೆ ಎಷ್ಟೋ ಕೆರೆಗೆ ಹೆಸರೇ ಇಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ನೀರು (ಬೆಂಗಳೂರಲ್ಲಿ ಸಂಸ್ಕರಿಸಿದ ಕೊಳಚೆ ನೀರು) ಬರೋಕೆ ಶುರುವಾದ್ಮೇಲೆ ಯಾವ ಕೆರೆ ಕೋಡಿ ಬಿದ್ರೆ ನೀರು ಯಾವ ಕೆರೆಗೆ ಹೋಗುತ್ತೆ ಅನ್ನೋದು ಒಂದೇ ಕಡೆ ಕಾಣ್ಬೇಕು ಅನ್ನಿಸ್ತು, ಅದಕ್ಕೇ ಸುತ್ತಮುತ್ತಲ ಕೆರೆಗಳ ಮ್ಯಾಪ್ ಮಾಡೋಕೆ ಕೂತೆ.

ಮೊದ್ಲು ಓಪನ್‌ಸ್ಟ್ರೀಟ್‌ಮ್ಯಾಪ್, ಅಂದ್ರೆ ಜನರೇ ಸೇರಿ ಬರೆಯೋ ಮುಕ್ತ ಮ್ಯಾಪ್. ಓವರ್‌ಪಾಸ್ ಟರ್ಬೋ (ಆ ಮ್ಯಾಪಿಂದ ಬೇಕಾದ್ದು ಹುಡುಕಿ ಕೊಡೋ ವೆಬ್‌ಸೈಟ್) ತೆಗೆದು ತಾಲೂಕಿಗೆ ಜೂಮ್ ಮಾಡಿ ವಿಝಾರ್ಡಲ್ಲಿ "ನ್ಯಾಚುರಲ್=ವಾಟರ್" ಅಂತ ಕೊಟ್ರೆ ಅದ್ರಲ್ಲಿರೋ ಕೆರೆ ಕುಂಟೆ ಎಲ್ಲಾ ಬರುತ್ತೆ, ಜಿಯೋಜೇಸನ್ (ಮ್ಯಾಪ್ ಡೇಟಾ ಇಡೋ ಒಂದು ಫೈಲ್ ಬಗೆ) ಆಗಿ ಇಳಿಸ್ಕೊಂಡು ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರಿಗೆ ಎಳೆದು ಹಾಕಿದ್ರೆ ಆಯ್ತು. ಇದರ ಲೈಸೆನ್ಸ್ ಸ್ಪಷ್ಟ, ಅದರ ಹೆಸರು ಹಾಕಿ ಬಳಸ್ಬಹುದು, ತಿದ್ದಿ ಬೆಳೆಸಿದ ಡೇಟಾಬೇಸ್ ಹಂಚೋದಾದ್ರೆ ಅದೇ ಲೈಸೆನ್ಸಲ್ಲಿ ಹಂಚ್ಬೇಕು. ಗೂಗಲ್ ಮ್ಯಾಪ್ ನೋಡ್ಕೊಂಡು ಗೆರೆ ಎಳೆದು ಓಪನ್‌ಸ್ಟ್ರೀಟ್‌ಮ್ಯಾಪಿಗೆ ಸೇರಿಸೋದು ಮಾತ್ರ ಬೇಡ್ವೇ ಬೇಡ, ಅದಕ್ಕೆ ಅನುಮತಿ ಇಲ್ಲ.

ಅದ್ರಲ್ಲಿ ಇಲ್ಲದ ಕೆರೆಗಳಿಗೆ ಪರಿಚಯದವರೊಬ್ಬರು ಒಂದು ಶೇಪ್‌ಫೈಲ್ (ಮ್ಯಾಪ್ ಡೇಟಾದ ಇನ್ನೊಂದು ಫೈಲ್ ಬಗೆ) ಕೊಟ್ರು. ಶೇಪ್‌ಫೈಲ್ ಅಂದ್ರೆ ಒಂದೇ ಫೈಲ್ ಅಲ್ಲ, ಎಸ್‌ಎಚ್‌ಪಿ (ಆಕಾರ), ಎಸ್‌ಎಚ್‌ಎಕ್ಸ್ (ಅದರ ಸೂಚಿ), ಡಿಬಿಎಫ್ (ಹೆಸರು, ವಿವರದ ಪಟ್ಟಿ) ಮೂರೂ ಇರ್ಲೇಬೇಕು, ಜೊತೆಗೆ ಪಿಆರ್‌ಜೆ ಇದ್ರೆ ಯಾವ ಪ್ರೊಜೆಕ್ಷನ್ (ದುಂಡಗಿನ ಭೂಮಿನ ಚಪ್ಪಟೆ ಮ್ಯಾಪಿಗೆ ತಂದ ಲೆಕ್ಕ) ಅಂತ ಗೊತ್ತಾಗುತ್ತೆ. ಇದ್ರಲ್ಲಿ ಆ ಪಿಆರ್‌ಜೆನೇ ಇರ್ಲಿಲ್ಲ! ಇಲ್ಲೇ ಕೋಲಾರದವರು ಹುಷಾರಾಗಿರ್ಬೇಕು, ಯಾಕಂದ್ರೆ 78 ಡಿಗ್ರಿ ರೇಖಾಂಶ ನಮ್ಮ ಜಿಲ್ಲೆ ಮೇಲೇ ಹಾದು ಹೋಗುತ್ತೆ, ಭೂಮಿನ 6 ಡಿಗ್ರಿ ಅಗಲದ ಝೋನ್‌ಗಳಾಗಿ ಹಂಚೋ ಯುಟಿಎಂ ಲೆಕ್ಕದಲ್ಲಿ ಅದೇ ಗಡಿ, ಮಾಲೂರು 43ನೇ ಝೋನಲ್ಲಿ, ಕೋಲಾರ ಟೌನ್ 44ರಲ್ಲಿ, ಆದ್ರೆ ಇಡೀ ಜಿಲ್ಲೆನ 43ರಲ್ಲೇ ಮಾಡಿರೋ ಫೈಲೂ ಸಿಗುತ್ತೆ. ನಾನು ಕೋಲಾರ ಟೌನ್ ಹತ್ರದ ಒಂದು ಕೆರೆಯ ಅಂಕಿ ತೆಗೆದು ನೋಡ್ದೆ, ಪೂರ್ವದ ಅಂಕಿ (ಪೂರ್ವಕ್ಕೆ ಎಷ್ಟು ಮೀಟರ್ ಅನ್ನೋದು) 8 ಲಕ್ಷದ ಮೇಲಿತ್ತು, ಅಂದ್ರೆ ಝೋನ್ 43, ಸಾಫ್ಟ್‌ವೇರಿಗೆ ಕೊಡೋ ಪ್ರೊಜೆಕ್ಷನ್ ಕೋಡ್ 32643. ಅದೇ 2 ಲಕ್ಷದ ಆಸುಪಾಸಲ್ಲಿದ್ರೆ 44, ಕೋಡ್ 32644. ಅದಲು ಬದಲಾದ್ರೆ ಕೆರೆಗಳೆಲ್ಲ 6 ಡಿಗ್ರಿ ಜರುಗಿ ಬಂಗಾಳಕೊಲ್ಲಿಗೋ ಅರಬ್ಬಿ ಸಮುದ್ರಕ್ಕೋ ಹೋಗಿ ಕೂರುತ್ವೆ. ಝೋನ್ ಸರಿ ಕೊಟ್ಟು ಕೆರೆ ಏರಿ ಸ್ಯಾಟಲೈಟ್ ಚಿತ್ರದ ಏರಿ ಮೇಲೆ ಕೂತ್ಕೊಳ್ತಾ ನೋಡಿ, ಆಮೇಲೇ 4326ಗೆ (ಅಕ್ಷಾಂಶ ರೇಖಾಂಶದ ಕೋಡ್) ಬದಲಾಯಿಸಿ ಸೇವ್ ಮಾಡಿ.

ಹೆಸರುಗಳ ಕಥೆನೇ ಬೇರೆ. ಡಿಬಿಎಫ್ ಒಳಗೆ ಕನ್ನಡ ಹೆಸರೆಲ್ಲ ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು, ಕ್ಯೂಜಿಐಎಸ್‌ನಲ್ಲಿ ಬರೀ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣ್ತಿತ್ತು. ಆ ಕಾಲಮ್‌ನ ಕಾಪಿ ಮಾಡಿ ಯುನಿಕೋಡ್ ಕನ್ವರ್ಟರಿಗೆ ಹಾಕಿ ವಾಪಸ್ ಜೋಡಿಸ್ದೆ, ಒತ್ತಕ್ಷರ ಅರ್ಕಾವತ್ತು ಇದ್ದ ಕಡೆ ಕಣ್ಣಿಟ್ಟು ನೋಡ್ಲೇಬೇಕು. ಸೇವ್ ಮಾಡಿದ್ದು ಜಿಯೋಪ್ಯಾಕೇಜ್ ಅನ್ನೋ ಫೈಲ್ ಬಗೆಯಲ್ಲಿ, ಯಾಕಂದ್ರೆ ಶೇಪ್‌ಫೈಲಲ್ಲಿ ಕಾಲಮ್ ಹೆಸರು 10 ಅಕ್ಷರಕ್ಕೇ ಕಟ್ ಆಗುತ್ತೆ.

ಬತ್ತಿ ಹೋದ ಕೆರೆಗಳೇ ನನಗೆ ಮುಖ್ಯ. ಅಂಗಳ ತುಂಬಾ ಜಾಲಿ ಬೆಳೆದಿರುತ್ತೆ, ಮೇಲಿಂದ ನೋಡಿದ್ರೆ ಕಾಡು ಅನ್ಕೋಬೇಕು. ಅಂಥ ಕಡೆ ಕಂದಾಯ ಇಲಾಖೆ ಗ್ರಾಮ ನಕ್ಷೆಯ ಪಿಡಿಎಫ್ ತಗೊಂಡು, ಚಿತ್ರ ಮಾಡಿ, ಕ್ಯೂಜಿಐಎಸ್‌ನ ಜಿಯೋರೆಫರೆನ್ಸರಲ್ಲಿ (ಚಿತ್ರನ ಮ್ಯಾಪಿನ ಸರಿ ಜಾಗಕ್ಕೆ ಹೊಂದಿಸೋ ಸಾಧನ) ಏರಿಯ ಎರಡು ತುದಿ, ಹಳೇ ಬಂಡಿದಾರಿ ಕೂಡೋ ಜಾಗ ಹೀಗೆ ಪಾಯಿಂಟ್ ಕೊಟ್ಟು ಕೂರಿಸ್ದೆ, ಪಾಯಿಂಟ್ ಒಂದೇ ಮೂಲೇಲಿ ಗುಂಪಾಗದೆ ನಕ್ಷೆ ತುಂಬಾ ಹರಡಿರ್ಬೇಕು. ಸರ್ವೆ ನಂಬರ್ ಸರಿನಾ ಅಂತ ಕೆರೆ ಏರಿ ಮೇಲೆ ನಿಂತು ಫೋನಲ್ಲಿ ದಿಶಾಂಕ್ ಆ್ಯಪ್ ತೆಗೆದು ನೋಡ್ದೆ. ಏರಿ ಮೇಲೆ ಸಿಕ್ಕ ಹಿರಿಯರು ತೂಬು ಎಲ್ಲಿ, ಕೋಡಿ ಎಲ್ಲಿ ಅಂತ ಕೈ ತೋರಿಸಿ ಹೇಳಿದ್ದು ಯಾವ ಫೈಲಲ್ಲೂ ಇರ್ಲಿಲ್ಲ, ಅದನ್ನ ಬೇರೆ ಲೇಯರ್ ಮಾಡಿ ಇಟ್ಟಿದ್ದೀನಿ.

ಕೊನೇಲಿ ಮ್ಯಾಪ್‌ಶೇಪರ್ ಅನ್ನೋ ವೆಬ್‌ಸೈಟಲ್ಲಿ ಗೆರೆ ಸ್ವಲ್ಪ ಸರಳ ಮಾಡಿ, ಅಕ್ಷಾಂಶ ರೇಖಾಂಶದ ದಶಾಂಶ 6 ಅಂಕಿಗೆ ಇಳಿಸಿ (ಅಷ್ಟಕ್ಕೇ ಅಡಿಗಿಂತ ಕಮ್ಮಿ ವ್ಯತ್ಯಾಸ), ಜಿಯೋಜೇಸನ್ ಮಾಡಿ ಯುಮ್ಯಾಪಿಗೆ (ಸ್ವಂತ ಆನ್‌ಲೈನ್ ಮ್ಯಾಪ್ ಮಾಡೋ ವೆಬ್‌ಸೈಟ್) ಇಂಪೋರ್ಟ್ ಕೊಟ್ಟೆ. ಶೇಪ್‌ಫೈಲಿಂದ ಬಂದ ಕೆರೆಗಳ ಲೇಯರ್ ಇನ್ನೂ ಪಬ್ಲಿಕ್ ಮಾಡಿಲ್ಲ, ಅದನ್ನ ತಯಾರಿಸಿದವರಿಂದ ಬರಹದಲ್ಲಿ ಒಪ್ಪಿಗೆ ಬರ್ಬೇಕು.