ಸನ್‌ರೂಫ್ ಯಾವ ವೇರಿಯಂಟಿಗೆ? ಕಾರು ಕಂಪನಿಯಂತೆ ಲೆಕ್ಕ ಹಾಕುವ ಬಗೆ

ಒಂದು ಫೀಚರ್ ಕಾರಿನಲ್ಲಿ ಇರಬೇಕೋ ಬೇಡವೋ ಎಂದು ನಿರ್ಧರಿಸಲು "ಜನಕ್ಕೆ ಇದು ಇಷ್ಟವೇ?" ಎಂಬಲ್ಲಿಂದ ಶುರು ಮಾಡಿದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಇಷ್ಟ ಎಲ್ಲರಿಗೂ ಇರುತ್ತದೆ. ಆ ಫೀಚರ್ ಬಂದ ಮೇಲೆ ಯಾರು ಯಾವ ವೇರಿಯಂಟ್ (ಒಂದೇ ಕಾರಿನ ಬೇರೆ ಬೇರೆ ದರ್ಜೆ) ಬಿಟ್ಟು ಯಾವುದಕ್ಕೆ ಬರುತ್ತಾರೆ ಎಂಬುದೇ ಕೇಳಬೇಕಾದ ಪ್ರಶ್ನೆ. ಪ್ರಾಡಕ್ಟ್ ಪ್ಲಾನಿಂಗ್ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೂ, ಬಿಡಿಭಾಗ ತಯಾರಿಸಿ ಕಾರು ಕಂಪನಿಯ ಬಾಗಿಲು ತಟ್ಟುವವರಿಗೂ ಈ ಲೆಕ್ಕ ಗೊತ್ತಿರಬೇಕು. ನಾಲ್ಕು ಮೀಟರಿನೊಳಗಿನ ಒಂದು ಎಸ್‌ಯುವಿ, ಅದಕ್ಕೊಂದು ಸನ್‌ರೂಫ್ ಎಂದಿಟ್ಟುಕೊಂಡು ಹಂತ ಹಂತವಾಗಿ ನೋಡೋಣ.

ಮೊದಲು ಗೋಡೆಗಳನ್ನು ಗುರುತಿಸಿ

ಲೆಕ್ಕಕ್ಕೆ ಕೂರುವ ಮುನ್ನ, ಯಾರಿಂದಲೂ ಸರಿಸಲಾಗದ ಗೆರೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಭಾರತದಲ್ಲಿ ಮೊದಲ ಗೆರೆ ತೆರಿಗೆಯದು. ಉದ್ದ 4,000 ಮಿ.ಮೀ. ಒಳಗೆ, ಪೆಟ್ರೋಲ್ ಎಂಜಿನ್ 1,200 ಸಿಸಿ ಒಳಗೆ, ಡೀಸೆಲ್ ಆದರೆ 1,500 ಸಿಸಿ ಒಳಗೆ ಇದ್ದರೆ ಅದು ಸಣ್ಣ ಕಾರು. 2025ರ ಸೆಪ್ಟೆಂಬರ್ 22ರಿಂದ ಇಂಥ ಕಾರಿಗೆ ಜಿಎಸ್‌ಟಿ ಶೇ. 18, ಗೆರೆ ದಾಟಿದರೆ ಶೇ. 40, ಇವಿಗಳಿಗೆ (ವಿದ್ಯುತ್ ಕಾರುಗಳಿಗೆ) ಶೇ. 5. ಸಣ್ಣ ಕಾರಿಗೆ ರಿಯಾಯಿತಿ ಕೊಡುವ ಪದ್ಧತಿ 2006ರ ಬಜೆಟ್ಟಿನದು. 2008ರಲ್ಲಿ ಬಂದ ಮೊದಲ ಸ್ವಿಫ್ಟ್ ಡಿಸೈರ್ 4,160 ಮಿ.ಮೀ. ಉದ್ದವಿತ್ತು. 2012ರ ಡಿಸೈರ್ 3,995 ಮಿ.ಮೀ.ಗೆ ಇಳಿಯಿತು, ಡಿಕ್ಕಿ 440 ಲೀಟರಿನಿಂದ 316 ಲೀಟರಿಗೆ ಕುಗ್ಗಿತು. ಡಿಕ್ಕಿಯ ಜಾಗಕ್ಕಿಂತ ತೆರಿಗೆಯ ಗೆರೆಯೇ ಭಾರವಾಯಿತು.

ಗೆರೆಯೊಳಗೆ ಇರುವುದು ಯಾವಾಗಲೂ ಸರಿ ಎಂದೇನಿಲ್ಲ. ಮಾರುತಿ ಬ್ರೆಝಾ ನಾಲ್ಕು ಮೀಟರಿನೊಳಗೇ ಇದೆ, ಆದರೆ ಅದರ ಪೆಟ್ರೋಲ್ ಎಂಜಿನ್ 1,462 ಸಿಸಿ, ಹಾಗಾಗಿ ಶೇ. 40ರ ತೆರಿಗೆಯೇ ಬೀಳುತ್ತದೆ. 2020ರಲ್ಲಿ ಅದು ಬ್ರೆಝಾಗೆ ಬರುವ ಹೊತ್ತಿಗೆ ಸಿಯಾಜ್, ಎರ್ಟಿಗಾಗಳಲ್ಲಿ ಓಡುತ್ತಿದ್ದ ಎಂಜಿನ್. ಒಂದೇ ಮಾಡೆಲ್ಲಿಗೆಂದು ಹೊಸ ಎಂಜಿನ್ ಮಾಡುವ ಬಂಡವಾಳವನ್ನೂ ಹೆಚ್ಚುವರಿ ತೆರಿಗೆಯನ್ನೂ ಎದುರುಬದುರು ಇಟ್ಟು ತೂಗಲೇಬೇಕು.

ಎರಡನೆಯ ಗೋಡೆ ಕಾನೂನು. 2019ರ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ರಿವರ್ಸ್ ಸೆನ್ಸರ್, ವೇಗದ ಎಚ್ಚರಿಕೆ, ಸೀಟ್ ಬೆಲ್ಟ್ ರಿಮೈಂಡರ್ ಕಡ್ಡಾಯವಾದವು. ಕಡ್ಡಾಯವಾದ ದಿನವೇ ಅದು ಫೀಚರ್ ಪಟ್ಟಿಯಿಂದ ಖರ್ಚಿನ ಪಟ್ಟಿಗೆ ಹೋಗುತ್ತದೆ, ಅದಕ್ಕೆಂದು ಬೇರೆ ಬೆಲೆ ಕೇಳಲಾಗದು. 2020ರ ಏಪ್ರಿಲ್ 1ರ ಬಿಎಸ್6 (ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ನಿಯಮ) ಇದಕ್ಕಿಂತ ದೊಡ್ಡ ಪಾಠ. ಸಣ್ಣ ಡೀಸೆಲ್ ಎಂಜಿನ್‌ಗೆ ಹೊಗೆ ಶುದ್ಧೀಕರಣದ ಸರಂಜಾಮು ಸೇರಿಸುವ ಖರ್ಚು ನೋಡಿ ಮಾರುತಿ ಡೀಸೆಲ್ಲನ್ನೇ ಕೈಬಿಟ್ಟಿತು. ಹ್ಯುಂಡೈ ಮತ್ತು ಟಾಟಾ ಉಳಿಸಿಕೊಂಡವು. ಕಾನೂನು ಒಂದೇ, ಲೆಕ್ಕ ಬೇರೆ. ಆ ಎಂಜಿನ್ ಎಷ್ಟು ಮಾಡೆಲ್‌ಗಳಲ್ಲಿ, ಎಷ್ಟು ಬೆಲೆಯ ಕಾರುಗಳಲ್ಲಿ ಕೂರುತ್ತದೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಮೂರನೆಯದು ಇಡೀ ಕಂಪನಿಯ ಕಾರುಗಳು ಸರಾಸರಿ ಉಗುಳಬಹುದಾದ ಇಂಗಾಲದ ಡೈಆಕ್ಸೈಡಿನ ಮಿತಿ. 2022-23ರಿಂದ ಇದು ಕಿಲೋಮೀಟರಿಗೆ ಸುಮಾರು 113 ಗ್ರಾಂ, ಕಾರುಗಳ ಸರಾಸರಿ ತೂಕದ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಈ ಲೆಕ್ಕದಲ್ಲಿ ಒಂದು ಇವಿಯನ್ನು ಮೂರು ಕಾರಿನಂತೆ ಎಣಿಸಲು ಅವಕಾಶವಿದೆ. ಆದ್ದರಿಂದ ಇವಿಯ ಹಾಳೆಯಲ್ಲಿ ಅದರ ಸ್ವಂತ ಲಾಭದ ಪಕ್ಕದಲ್ಲೇ, ಅದರ ಬಲದಿಂದ ಮಾರಬಹುದಾದ ದೊಡ್ಡ ಎಸ್‌ಯುವಿಗಳ ಲಾಭವನ್ನೂ ಬರೆಯಬೇಕು.

ಬೆಲೆಗೂ ಗೋಡೆಗಳಿವೆ. ಕರ್ನಾಟಕದ ರೋಡ್ ಟ್ಯಾಕ್ಸ್ 5ರಿಂದ 10 ಲಕ್ಷದ ಕಾರಿಗೆ ಶೇ. 14, 10ರಿಂದ 20 ಲಕ್ಷದ್ದಕ್ಕೆ ಶೇ. 17. ₹9.90 ಲಕ್ಷದ ವೇರಿಯಂಟಿಗೆ ₹30,000ದ ಸನ್‌ರೂಫ್ ಸೇರಿಸಿದರೆ ಬೆಲೆ ₹10.20 ಲಕ್ಷ. ತೆರಿಗೆ ₹1,38,600 ಇದ್ದದ್ದು ₹1,73,400 ಆಗುತ್ತದೆ. ಕಂಪನಿ ₹30,000 ಏರಿಸಿದರೆ ಬೆಂಗಳೂರಿನ ಗ್ರಾಹಕನ ಆನ್-ರೋಡ್ ಬೆಲೆ ₹64,800 ಏರಿತು. ಉಪಕರ, ವಿಮೆ ಬೇರೆ, 10 ಲಕ್ಷ ಮೀರಿದ್ದಕ್ಕೆ ಶೇ. 1ರ ಟಿಸಿಎಸ್ (ಮಾರುವವರು ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ) ಬೇರೆ. ಎಕ್ಸ್-ಶೋರೂಂ ಬೆಲೆ ಮಾತ್ರ ನೋಡಿ ತೀರ್ಮಾನ ಮಾಡುವವರು ಎಡವುವುದು ಇಲ್ಲೇ. ದೊಡ್ಡ ಮಾರುಕಟ್ಟೆಯಾದ ಪ್ರತಿ ರಾಜ್ಯಕ್ಕೂ ಈ ಗುಣಾಕಾರ ಮಾಡಿ ನೋಡಿ.

ಬೇಡಿಕೆ ಅಳೆಯುವಾಗ "ಬೇಕಾ?" ಎಂದು ಕೇಳಬೇಡಿ

"ಸನ್‌ರೂಫ್ ಬೇಕಾ?" ಎಂದರೆ ಬೇಕು ಎನ್ನುವವರೇ ಎಲ್ಲ. ಬದಲಿಗೆ ಎರಡು ಕಾರು ಮುಂದಿಟ್ಟು ಒಂದನ್ನು ಆರಿಸಲು ಹೇಳಿ: ಸನ್‌ರೂಫ್ ಇರುವ ಮ್ಯಾನುಯಲ್, ಇಲ್ಲದ ಆಟೋಮ್ಯಾಟಿಕ್, ಬೆಲೆ ಒಂದೇ. ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಜೋಡಿ ತೋರಿಸಿದರೆ ಯಾವುದಕ್ಕೆ ಎಷ್ಟು ದುಡ್ಡು ಬಿಚ್ಚುತ್ತಾರೆ ಎಂಬ ಅಂದಾಜು ಸಿಗುತ್ತದೆ. ಜಪಾನಿನ ನೊರಿಯಾಕಿ ಕಾನೊ 1984ರಲ್ಲಿ ಮುಂದಿಟ್ಟ ಜೋಡಿ ಪ್ರಶ್ನೆಯೂ ಉಪಯುಕ್ತ: ಇದು ಇದ್ದರೆ ಹೇಗನಿಸುತ್ತದೆ, ಇಲ್ಲದಿದ್ದರೆ ಹೇಗನಿಸುತ್ತದೆ? ಇದ್ದರೆ ಖುಷಿ, ಇಲ್ಲದಿದ್ದರೂ ಬೇಸರವಿಲ್ಲ ಎನ್ನುವ ಫೀಚರನ್ನು ಮೇಲಿನ ವೇರಿಯಂಟಿಗೆ ಇಡಿ. ಇದ್ದರೆ ಮಾಮೂಲು, ಇಲ್ಲದಿದ್ದರೆ ಸಿಟ್ಟು ಎನ್ನುವುದು ಬೇಸ್ ಮಾಡೆಲ್ಲಿಗೇ ಬರಬೇಕು. ಪವರ್ ವಿಂಡೋ ಒಂದು ಕಾಲಕ್ಕೆ ಮೊದಲ ಗುಂಪಿನಲ್ಲಿತ್ತು, ಈಗ ಎರಡನೆಯದರಲ್ಲಿದೆ. ಹಾಗಾಗಿ ಈ ಸಮೀಕ್ಷೆ ಹಳಸುತ್ತದೆ. ಎರಡು ವರ್ಷ ಹಳೆಯದನ್ನು ನಂಬಬೇಡಿ.

ಸಮೀಕ್ಷೆಗಿಂತ ನಿಜ ಹೇಳುವ ಜಾಗ ಬಿಡಿಸಾಮಾನಿನ ಅಂಗಡಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೊಸ ಕಾರು ತಂದವರು ಮೊದಲ ತಿಂಗಳಲ್ಲೇ ಏನು ಹಾಕಿಸುತ್ತಾರೆ ಎಂದು ಒಂದು ವಾರ ನಿಂತು ಎಣಿಸಿ. ಟಚ್‌ಸ್ಕ್ರೀನ್, ರಿವರ್ಸ್ ಕ್ಯಾಮೆರಾ, ಸೀಟ್ ಕವರ್ ಹಾಕಿಸುವವರು ಹೆಚ್ಚಿದ್ದರೆ ಆ ದುಡ್ಡನ್ನು ಅವರು ಆಗಲೇ ಖರ್ಚು ಮಾಡುತ್ತಿದ್ದಾರೆ, ಅದು ಕಂಪನಿಗೆ ಬರುತ್ತಿಲ್ಲ ಅಷ್ಟೇ. ಆದರೆ ಸನ್‌ರೂಫಿಗೆ ಈ ಸಾಕ್ಷಿ ಸಿಗದು. ಚಾವಣಿ ಕೊರೆಸುವವರು ವಿರಳ. ಅದಕ್ಕೆ ಡೀಲರ್‌ಗಳ ಬಳಿಯಿರುವ, ವಿಚಾರಿಸಿ ಬೇರೆ ಕಂಪನಿಗೆ ಹೋದವರ ಪಟ್ಟಿಯನ್ನೇ ನೋಡಬೇಕು.

ನಿಜವಾದ ಖರ್ಚು

ಸನ್‌ರೂಫ್ ಎಂದರೆ ಗಾಜು ಮತ್ತು ಮೋಟಾರು ಮಾತ್ರವಲ್ಲ. ಚಾವಣಿಯ ತಗಡಿಗೆ ಬೇರೆ ಡೈ (ತಗಡು ಒತ್ತುವ ಅಚ್ಚು), ತೂತಿನ ಸುತ್ತ ಬಲಪಡಿಸುವ ಚೌಕಟ್ಟು, ಒಳಚಾವಣಿಗೆ ಬೇರೆ ಅಚ್ಚು, ಬೇರೆ ವೈರಿಂಗ್ ಹಾರ್ನೆಸ್, ಮತ್ತೆ ಕ್ರ್ಯಾಶ್ ಪರೀಕ್ಷೆ. ನೀರು ಹರಿಯಲು ನಾಲ್ಕು ಮೂಲೆಯಿಂದ ಪೈಪು ಇಳಿಯಬೇಕು, ಅವು ಕಿಟಕಿಯ ಮೇಲಿಂದ ಇಳಿಯುವ ಕರ್ಟನ್ ಏರ್‌ಬ್ಯಾಗಿನ ದಾರಿಗೆ ಅಡ್ಡ ಬರಬಾರದು. ಮಲೆನಾಡಿನ ಮಳೆಗಾಲದಲ್ಲಿ ಮರದಡಿ ನಿಂತ ಕಾರಿನ ಪೈಪಿಗೆ ಎಲೆ ಕಟ್ಟಿಕೊಂಡರೆ ನೀರು ಒಳಗೆ ಸೋರುತ್ತದೆ, ಅದು ವಾರಂಟಿಯ ಖರ್ಚು. ತಲೆಯ ಮೇಲಿನ ಜಾಗವೂ ಕಡಿಮೆಯಾಗುತ್ತದೆ, ಹಿಂದಿನ ಸೀಟಿನಲ್ಲಿ ಎತ್ತರದವರನ್ನು ಕೂರಿಸಿ ನೋಡದೆ ಮುಂದುವರಿಯಬೇಡಿ.

ಈಗ ಅಂಕಿ. ಇವು ಲೆಕ್ಕ ತೋರಿಸಲು ಊಹಿಸಿದವು, ನಿಮ್ಮವನ್ನು ಹಾಕಿಕೊಳ್ಳಿ. ಬಿಡಿಭಾಗ ₹12,000, ಜೋಡಣೆ ₹700, ವಾರಂಟಿಗೆ ₹600: ಕಾರಿಗೆ ₹13,300. ಡೈ, ಅಚ್ಚು, ಪರೀಕ್ಷೆಯ ಒಟ್ಟು ಬಂಡವಾಳ ₹30 ಕೋಟಿ. ಗ್ರಾಹಕ ಕೊಡುವ ₹30,000ದಲ್ಲಿ ಶೇ. 18 ಜಿಎಸ್‌ಟಿ ತೆಗೆದರೆ ₹25,424, ಅದರಲ್ಲಿ ಡೀಲರ್ ಪಾಲು ಶೇ. 4 ಹೋದರೆ ₹24,407. ಕಾರಿಗೆ ಉಳಿಯುವುದು ₹11,107. ಬಂಡವಾಳ ವಾಪಸಾಗಲು ಸುಮಾರು 27,000 ಕಾರು ಮಾರಬೇಕು. ವರ್ಷಕ್ಕೆ 60,000 ಮಾರುವ ಮಾಡೆಲ್ಲಿನಲ್ಲಿ ಶೇ. 30 ಜನ ಕೊಂಡರೆ ಒಂದೂವರೆ ವರ್ಷ ಸಾಕು. ಶೇ. 10 ಮಾತ್ರ ಕೊಂಡರೆ ನಾಲ್ಕೂವರೆ ವರ್ಷ. ಅಷ್ಟರಲ್ಲಿ ಫೇಸ್‌ಲಿಫ್ಟ್ (ಅದೇ ಮಾಡೆಲ್ಲಿನ ರೂಪ ಬದಲಿಸಿದ ಆವೃತ್ತಿ) ಬಂದು ಹೋಗಿರುತ್ತದೆ.

ಜಾರುವವರನ್ನು ಎಣಿಸಿ

ಹೆಚ್ಚಿನ ತಪ್ಪು ಆಗುವುದು ಇಲ್ಲಿ, ನಿಧಾನವಾಗಿ ಓದಿ. ಸನ್‌ರೂಫ್ ಟಾಪ್ ಎಂಡ್‌ನಲ್ಲಿ ಈಗಾಗಲೇ ಇದೆ, ಬಂಡವಾಳವೂ ಹೂಡಿಯಾಗಿದೆ. ಅದನ್ನು ಮಧ್ಯದ ವೇರಿಯಂಟಿಗೂ ಇಳಿಸೋಣವೇ ಎಂಬುದು ಈಗಿನ ಪ್ರಶ್ನೆ. ವರ್ಷಕ್ಕೆ 18,000 ಜನ ಅದನ್ನು ಕೊಳ್ಳುತ್ತಾರೆ ಎನ್ನೋಣ. ಇವರಲ್ಲಿ ಕೆಲವರು ಸನ್‌ರೂಫಿಗಾಗಿಯೇ ಟಾಪ್ ಎಂಡ್ ಕೊಳ್ಳುತ್ತಿದ್ದವರು. ಅಂಥವರು ಕೆಳಗೆ ಜಾರಿದರೆ ಒಬ್ಬೊಬ್ಬರಿಂದ ₹35,000 ಲಾಭ ಖೋತಾ ಎಂದಿಟ್ಟುಕೊಳ್ಳಿ.

ಐದರಲ್ಲಿ ಒಬ್ಬರು ಜಾರಿದರೆ: 14,400 ಜನರಿಂದ ₹16 ಕೋಟಿ ಬಂತು, 3,600 ಜನರಿಂದ ₹12.6 ಕೋಟಿ ಹೋಯಿತು. ₹3.4 ಕೋಟಿ ಉಳಿತಾಯ. ನಾಲ್ಕರಲ್ಲಿ ಒಬ್ಬರು ಜಾರಿದರೆ: ಬಂದದ್ದು ಸುಮಾರು ₹15 ಕೋಟಿ, ಹೋದದ್ದು ₹15.75 ಕೋಟಿ. ನಷ್ಟ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ತಕ್ಕಡಿ ಮಗುಚುತ್ತದೆ. ಅದಕ್ಕೇ ಫೀಚರ್ ಕೆಳಗಿಳಿಸುವ ದಿನವೇ ಟಾಪ್ ಎಂಡ್‌ಗೆ ಹೊಸದೊಂದು ಆಸೆಯನ್ನು ಸೇರಿಸುತ್ತಾರೆ: ತಂಪು ಗಾಳಿಯ ಸೀಟು, 360 ಡಿಗ್ರಿ ಕ್ಯಾಮೆರಾ, ಹೀಗೆ. ಮೇಲೆ ಹೊಸದೇನೂ ಇಲ್ಲದಿದ್ದರೆ ಇಳಿಸಬೇಡಿ.

ಹೊರಗಿನಿಂದ ಬರುವವರನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಎದುರಾಳಿಯ ಕಾರು ಬಿಟ್ಟು ಬಂದವರಿಂದ ಸಿಗುವುದು ಇಡೀ ಕಾರಿನ ಲಾಭ. ಅದು ₹60,000 ಎಂದರೆ ಸಾವಿರ ಜನರಿಂದ ₹6 ಕೋಟಿ, ಮೇಲಿನ ನಷ್ಟ ತುಂಬಿ ಮಿಗುತ್ತದೆ. ಆದರೆ ಎದುರಾಳಿಯೂ ಆರು ತಿಂಗಳಲ್ಲಿ ಅದನ್ನೇ ಇಳಿಸಬಹುದು. ಈ ಸಾಲನ್ನು ಒಂದು ವರ್ಷಕ್ಕಿಂತ ಹೆಚ್ಚು ಎಳೆಯುವುದು ಆತ್ಮವಂಚನೆ.

ಕಾರ್ಖಾನೆಯ ಮಾತನ್ನೂ ಕೇಳಿ

ಮೂರು ಎಂಜಿನ್-ಗೇರ್‌ಬಾಕ್ಸ್ ಜೋಡಿ, ಆರು ವೇರಿಯಂಟ್, ಏಳು ಬಣ್ಣ: 126 ಬಗೆಯ ಕಾರು. ಸನ್‌ರೂಫನ್ನು ಎಲ್ಲದಕ್ಕೂ ಬೇಕಾದರೆ ಹಾಕಿಸಿಕೊಳ್ಳಿ ಎಂದು ಬಿಟ್ಟರೆ 252. ಡೀಲರ್ ಬಳಿ ಬೇಡದ್ದು ಕೊಳೆಯುತ್ತದೆ, ಬೇಕಾದದ್ದಕ್ಕೆ ನಾಲ್ಕು ತಿಂಗಳು ಕಾಯಬೇಕಾಗುತ್ತದೆ. ನಮ್ಮಲ್ಲಿ ಫೀಚರ್‌ಗಳನ್ನು ಬಿಡಿಬಿಡಿಯಾಗಿ ಮಾರದೆ ವೇರಿಯಂಟ್ ಎಂಬ ಕಟ್ಟಿನಲ್ಲಿ ಮಾರಲು ಇದೊಂದು ದೊಡ್ಡ ಕಾರಣ.

ಮಾಡೆಲ್ ಮಟ್ಟದಲ್ಲಿ ಇದೇ ಮಾತು ಬಂಡವಾಳ ಹಂಚಿಕೊಳ್ಳುವುದಕ್ಕೂ ಅನ್ವಯ. 2022ರಲ್ಲಿ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಟೊಯೊಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ಹೊರಬಂದವು. ಸುಝುಕಿಯ ಪ್ಲಾಟ್‌ಫಾರ್ಮ್, ಟೊಯೊಟಾದ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಜೊತೆ ವಿದ್ಯುತ್ ಮೋಟಾರಿನಲ್ಲೂ ಓಡುವ ವ್ಯವಸ್ಥೆ), ಎರಡು ಕಂಪನಿಗಳ ಶೋರೂಂ. ನಿಮ್ಮ ಹಾಳೆಯಲ್ಲಿ ಬಂಡವಾಳ ವಾಪಸಾಗುವಷ್ಟು ಕಾರು ಮಾರಾಟ ಕಾಣದಿದ್ದರೆ, ಯೋಜನೆ ಕೈಬಿಡುವ ಮುನ್ನ ಪಾಲುದಾರರು ಯಾರಿದ್ದಾರೆ ಎಂದು ನೋಡಿ.

ಬಿಡುಗಡೆಯಾದ ಮೇಲೆ

ಮೊದಲ ತಿಂಗಳ ಬುಕಿಂಗ್ ನೋಡಿ ಹಿಗ್ಗಬೇಡಿ, ಮೊದಲು ಬರುವವರು ಟಾಪ್ ಎಂಡ್ ಕೊಳ್ಳುವವರು. ನಾಲ್ಕನೆಯ ತಿಂಗಳಿನಿಂದ ಆರನೆಯದರ ತನಕದ ವೇರಿಯಂಟ್ ಪಾಲನ್ನು ನಿಮ್ಮ ಅಂದಾಜಿನ ಪಕ್ಕದಲ್ಲಿ ಇಡಿ. ಟಾಪ್ ಎಂಡ್ ಪಾಲು ಅಂದಾಜಿಗಿಂತ ಐದು ಶೇಕಡಾ ಅಂಶಕ್ಕೂ ಮೀರಿ ಕುಸಿದಿದ್ದರೆ ಬೆಲೆ ಮುಟ್ಟುವ ಮುನ್ನ ಎರಡು ವೇರಿಯಂಟ್‌ಗಳ ನಡುವಿನ ಅಂತರ ಅಳೆಯಿರಿ. ಅಂತರ ₹1.5 ಲಕ್ಷವಿದ್ದು ಹೆಚ್ಚಿಗೆ ಸಿಗುವುದು ಮೂರೇ ಫೀಚರ್ ಎಂದರೆ ತಪ್ಪು ಅಲ್ಲಿದೆ. ಯಾವುದನ್ನಾದರೂ ತೆಗೆಯಬೇಕಾಗಿ ಬಂದರೆ ಸುರಕ್ಷತೆಯದನ್ನು ಮುಟ್ಟಬೇಡಿ. ದಿನಾ ಕೈಗೆ ತಾಗುವ ಸ್ಟೀರಿಂಗ್ ಹೊದಿಕೆ, ಬಾಗಿಲಿನ ಹಿಡಿ, ಎಸಿ ಗುಂಡಿಗಳನ್ನೂ ಮುಟ್ಟಬೇಡಿ. ಶೋರೂಂನಲ್ಲಿ ಒಮ್ಮೆ ತೋರಿಸಿ ಆಮೇಲೆ ಯಾರೂ ಬಳಸದ ಆ್ಯಪ್ ಸೌಲಭ್ಯ, ಬಣ್ಣದ ಒಳದೀಪಗಳಿಂದ ಶುರು ಮಾಡಿ.