ಅಪ್ಪ ಅಮ್ಮ ಊರಿಂದ ಬಂದಿದಾರಾ? ಶಿಕಾಗೋ ತೋರ್ಸೋದು ಹೀಗೆ

ಮೇ ತಿಂಗ್ಳು ಬಂತಂದ್ರೆ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಅನ್ನೋ ಶಿಕಾಗೋ ಸುತ್ತಲ ಊರುಗಳ ಪಾರ್ಕುಗಳಲ್ಲಿ ಸೀರೆ ಮೇಲೆ ಸ್ವೆಟರ್, ಕಾಲಿಗೆ ಸ್ನೀಕರ್ಸ್ ಹಾಕ್ಕೊಂಡು ವಾಕಿಂಗ್ ಮಾಡೋ ಅಮ್ಮಂದಿರು ಕಾಣಿಸ್ಕೊಳ್ಳೋಕೆ ಶುರು. ಮಗ ಸೊಸೆ ಇಬ್ರೂ ವಾರವಿಡೀ ಕೆಲಸ, ವೀಕೆಂಡ್ ಅಂದ್ರೆ ದಿನಸಿ ತರೋದು, ಮಗೂನ ಸ್ವಿಮ್ಮಿಂಗ್ ಕ್ಲಾಸು, ಹಾಗಾಗಿ ಸಿಟಿ ತೋರ್ಸೋ ಕಾರ್ಯಕ್ರಮ ಒಂದೇ ಶನಿವಾರದಲ್ಲಿ ಮುಗೀಬೇಕು, ಎರಡೂ ಟವರು, ಮೂರು ಮ್ಯೂಸಿಯಂ, ದೋಣಿ, ಪಿಜ್ಜಾ ಎಲ್ಲಾ. ರಾತ್ರಿ ಮನೆಗೆ ಬಂದು ಅಪ್ಪ ಮಂಡಿಗೆ ಎಣ್ಣೆ ಹಚ್ಕೊಂಡು ಕೂತಿರ್ತಾರೆ, ಏನ್ ನೋಡಿದ್ರಿ ಅಂತ ಕೇಳಿದ್ರೆ "ಎಲ್ಲಾ ದೊಡ್ಡದೊಡ್ಡ ಬಿಲ್ಡಿಂಗಪ್ಪ" ಅಂತಾರೆ ಅಷ್ಟೇ.

ಹಾಗ್ ಮಾಡ್ಬೇಡಿ. ಎರಡು ಮೂರು ದಿನಕ್ಕೆ ಹಂಚಿ, ದಿನಕ್ಕೆ ದುಡ್ಡು ಕೊಟ್ಟು ನೋಡೋದು ಒಂದು, ತಪ್ಪಿದ್ರೆ ಎರಡು, ಉಳಿದಿದ್ದೆಲ್ಲ ಪುಕ್ಕಟೆ. ಈ ಊರಲ್ಲಿ ಪುಕ್ಕಟೆ ಸಿಗೋದೇ ಬೇಕಾದಷ್ಟಿದೆ.

ಮೊದಲು ಕಾರು ಮನೇಲೇ ಬಿಡಿ. ಡೌನ್‌ಟೌನಲ್ಲಿ ಪಾರ್ಕಿಂಗ್‌ಗೆ ಕೊಡೋ ದುಡ್ಡಲ್ಲಿ ಮನೆಮಂದಿಯೆಲ್ಲಾ ಊಟ ಮಾಡ್ಬೋದು. ಸಬರ್ಬಿಂದ ಮೆಟ್ರಾ ಟ್ರೈನ್ ಹಿಡೀರಿ, ನೇಪರ್‌ವಿಲ್ ಕಡೆಯವ್ರು ಯೂನಿಯನ್ ಸ್ಟೇಷನ್‌ನಲ್ಲಿ ಇಳೀತೀರ, ಎರಡಂತಸ್ತಿನ ಟ್ರೈನ್ ಅಂತ ಅಪ್ಪಂಗೆ ಅದೇ ಒಂದು ಖುಷಿ. ಒಳಗೆ ಓಡಾಡೋಕೆ ಸಿಟಿಎ ಅನ್ನೋ ಊರಿನ ಸಾರಿಗೆಯವ್ರ ಬಸ್ಸು ಮತ್ತೆ ಎಲ್ ಅನ್ನೋ ಮೆಟ್ರೋ ಟ್ರೈನ್, ಎರಡಕ್ಕೂ ಡೇ ಪಾಸ್ ಸಿಗುತ್ತೆ, ಅದನ್ನ ತಗೊಳ್ಳೋಕೆ ವೆಂಟ್ರಾ ಆ್ಯಪ್ ಹಾಕ್ಕೊಳ್ಳಿ. ಒಂದು ಮಾತು, ಎಲ್ಲಾ ಎಲ್ ಸ್ಟೇಷನ್ನಲ್ಲೂ ಲಿಫ್ಟ್ ಇಲ್ಲ, ಮಂಡಿ ನೋವು ಇರೋರಿಗೆ ಬಸ್ಸೇ ವಾಸಿ. ಯೂನಿಯನ್ ಸ್ಟೇಷನ್ನಿಂದ ಹೊರಡೋ 151 ನಂಬರ್ ಬಸ್ಸು ಮಿಷಿಗನ್ ಅವೆನ್ಯೂ ಹಿಡ್ಕೊಂಡು ಲಿಂಕನ್ ಪಾರ್ಕ್ ಜೂ ತನಕ ಹೋಗುತ್ತೆ, ಇದೊಂದು ನೆನಪಿಟ್ಕೊಂಡ್ರೆ ಅರ್ಧ ಊರು ಕೈಗೆ ಬಂದ ಹಾಗೆ.

ಮೊದಲ್ನೇ ದಿನ ಟವರ್ ಮತ್ತೆ ಆರ್ಟ್ ಇನ್‌ಸ್ಟಿಟ್ಯೂಟ್. ಸ್ಟೇಷನ್ನಿಂದ ಸೇತುವೆ ದಾಟಿದ್ರೆ ವಿಲ್ಲಿಸ್ ಟವರ್ ಅಲ್ಲೇ ಇದೆ, ಹಳಬರು ಈಗ್ಲೂ ಸಿಯರ್ಸ್ ಟವರ್ ಅಂತಾನೇ ಅನ್ನೋದು. 110 ಮಹಡಿ, 1,450 ಅಡಿ, 1998ರ ತನಕ ಪ್ರಪಂಚದಲ್ಲೇ ಎತ್ತರದ ಕಟ್ಟಡ. 103ನೇ ಮಹಡೀಲಿ ಸ್ಕೈಡೆಕ್, ಅಲ್ಲಿ ಗೋಡೆಯಿಂದ ನಾಲ್ಕಡಿ ಆಚೆ ಚಾಚಿರೋ ಗಾಜಿನ ಪೆಟ್ಟಿಗೆಗಳಿವೆ, ಒಳಗೆ ನಿಂತು ಕೆಳಗೆ ನೋಡಿದ್ರೆ ಕಾಲ ಕೆಳಗೇ ರಸ್ತೆ, ಹಳದಿ ಟ್ಯಾಕ್ಸಿ ಇರುವೆ ಗಾತ್ರ. ಅಮ್ಮ "ನಾನೊಲ್ಲೆ" ಅಂತ ಹಿಂದೆ ನಿಲ್ತಾರೆ, ಬಲವಂತ ಮಾಡ್ಬೇಡಿ, ಮೊಮ್ಮಗು ಹೋಗಿ ಕುಣಿದ್ರೆ ಅವ್ರೇ ಬರ್ತಾರೆ. ಟಿಕೆಟ್ ವಾರ ಮುಂಚೆ ತಗೋಬೇಡಿ, ಹಿಂದಿನ ರಾತ್ರಿ ವೆದರ್ ನೋಡ್ಕೊಂಡು ತಗೊಳ್ಳಿ, ಮೋಡ ಇದ್ರೆ ಮೇಲೆ ಹೋಗಿ ಬಿಳೀ ಗೋಡೆ ನೋಡ್ಕೊಂಡ್ ಬರ್ಬೇಕಾಗುತ್ತೆ.

ಈ ಟವರ್ ಎಂಜಿನಿಯರ್ ಫಜ್ಲುರ್ ರಹಮಾನ್ ಖಾನ್, ಢಾಕಾದಲ್ಲಿ ಹುಟ್ಟಿದವ್ರು, ಕಟ್ಟಡದ ರೂಪ ಮಾಡಿದ್ದು ಬ್ರೂಸ್ ಗ್ರಹಾಂ. ಒಂಬತ್ತು ಚೌಕಾಕಾರದ ಕೊಳವೆಗಳನ್ನ ಊದಿನಕಡ್ಡಿ ಕಟ್ಟಿನ ಹಾಗೆ ಒಟ್ಟಿಗೆ ಬಿಗಿದು ನಿಲ್ಸಿದಾರೆ, ಕೆಲವು ಮಧ್ಯದಲ್ಲೇ ನಿಂತ್ಬಿಡುತ್ತೆ, ಎರಡು ಮಾತ್ರ ತುದಿ ತನಕ ಹೋಗುತ್ತೆ. ಒಂದಕ್ಕೊಂದು ಆಸರೆ ಆಗಿರೋದ್ರಿಂದ ಈ ಊರಿನ ಗಾಳಿಗೆ ಜಗ್ಗಲ್ಲ. ಹೊರಗೆ ರಸ್ತೇಲಿ ನಿಂತು ಇದನ್ನ ಅಪ್ಪಂಗೆ ತೋರ್ಸಿ, ಅದರಲ್ಲೂ ಪಿಡಬ್ಲ್ಯುಡಿ ರಿಟೈರ್ಡ್ ಅಪ್ಪ ಆದ್ರೆ ಅಲ್ಲಿಂದ ಎಬ್ಬಿಸೋದೇ ಕಷ್ಟ. ಇನ್ನೊಂದು ಟವರು, ಜಾನ್ ಹ್ಯಾನ್‌ಕಾಕ್, 2018ರಿಂದ ಅದರ ಹೆಸರು 875 ನಾರ್ತ್ ಮಿಷಿಗನ್ ಅವೆನ್ಯೂ, ಅದೂ ಇದೇ ಜೋಡಿದು. 94ನೇ ಮಹಡಿಯಿಂದ ಕೆರೆ ತುಂಬಾ ಹತ್ರ ಕಾಣುತ್ತೆ. ಎರಡರಲ್ಲಿ ಒಂದು ಸಾಕು. ಊರು ನೋಡ್ಬೇಕಂದ್ರೆ ವಿಲ್ಲಿಸ್, ನೀರು ನೋಡ್ಬೇಕಂದ್ರೆ ಹ್ಯಾನ್‌ಕಾಕ್. ಕೆರೆ ಅಂತ ಬಾಯಲ್ಲಿ ಬರುತ್ತೆ, ಆದ್ರೆ ಮಿಷಿಗನ್ ಲೇಕಿಗೆ ಆಚೆ ದಡಾನೇ ಕಾಣಲ್ಲ, ಅಮ್ಮ ಸಮುದ್ರ ಅಂತಾನೇ ಅನ್ನೋದು, ತಿದ್ದೋಕೆ ಹೋಗ್ಬೇಡಿ.

ಅಲ್ಲಿಂದ ಬಸ್ಸಲ್ಲಿ ಆರ್ಟ್ ಇನ್‌ಸ್ಟಿಟ್ಯೂಟ್, ಬಾಗಿಲಲ್ಲಿ ಎರಡು ಕಂಚಿನ ಸಿಂಹ. ವಾರದಲ್ಲಿ ಕೆಲವು ದಿನ ರಜೆ, ನೋಡ್ಕೊಂಡು ಹೊರಡಿ. ನಮ್ಮವ್ರು ಈ ಕಟ್ಟಡಕ್ಕೆ ಹೋಗ್ಲೇಬೇಕಾದ ಕಾರಣ ಚಿತ್ರಗಳಲ್ಲ, ವಿವೇಕಾನಂದರು. 1893ರ ಸೆಪ್ಟೆಂಬರ್ 11ಕ್ಕೆ ಸರ್ವಧರ್ಮ ಸಮ್ಮೇಳನದಲ್ಲಿ ಅವ್ರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಆ ಸಭಾಂಗಣ ಈಗ ಹಾಗೇ ಉಳ್ದಿಲ್ಲ, ಕಟ್ಟಡ ಅದೇ. ಹೊರಗೆ ಮಿಷಿಗನ್ ಅವೆನ್ಯೂನ ಆ ತುಂಡಿಗೆ ಸ್ವಾಮಿ ವಿವೇಕಾನಂದ ವೇ ಅಂತ ಗೌರವದ ಹೆಸರಿದೆ, ಕಂದು ಬಣ್ಣದ ಬೋರ್ಡು, ಅದರ ಕೆಳಗೆ ಫೋಟೋ ತಗೊಳ್ಳಿ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಇಡೀ ಟ್ರಿಪ್ಪಿಗೆ ಅತಿ ಹೆಚ್ಚು ಲೈಕ್ ಬರೋದು ಅದಕ್ಕೇನೇ. ಇನ್ನೊಂದು ವಿಷಯ, ಇಲ್ಲಿಗೆ ಬರೋಕೆ ಮುಂಚಿನ ವರ್ಷ, 1892ರಲ್ಲಿ, ಅವ್ರು ಮೈಸೂರಲ್ಲಿ ಚಾಮರಾಜೇಂದ್ರ ಒಡೆಯರ ಅತಿಥಿ ಆಗಿದ್ರು, ಆಮೇಲೆ 1894ರಲ್ಲಿ ಶಿಕಾಗೋದಿಂದಾನೇ ಮಹಾರಾಜರಿಗೆ ಕಾಗದ ಬರ್ದಿದಾರೆ. ಮೈಸೂರು ಕಡೆ ಅಪ್ಪ ಅಮ್ಮ ಆದ್ರೆ ಇದನ್ನ ಹೇಳಿ, ಮುಖ ನೋಡಿ.

ಒಳಗೆ ಎಲ್ಲಾ ನೋಡೋಕೆ ಹೋದ್ರೆ ಸಂಜೆ ಆಗುತ್ತೆ. ಫ್ರಾನ್ಸಿನ ಚಿತ್ರಕಾರ ಸೂರಾ ಬರೆದ ಭಾನುವಾರದ ಪಾರ್ಕಿನ ಚಿತ್ರ ನೋಡಿ, ಹತ್ತಡಿ ಅಗಲ, ಹತ್ರ ಹೋದ್ರೆ ಬರೀ ಬಣ್ಣದ ಚುಕ್ಕಿ, ಹಿಂದೆ ಹಿಂದೆ ಬಂದ ಹಾಗೆ ಜನ, ಛತ್ರಿ, ಹೊಳೆ ಎಲ್ಲಾ ಎದ್ದು ಕಾಣುತ್ತೆ. ಆಮೇಲೆ ನೆಲಮಾಳಿಗೇಲಿರೋ ಥಾರ್ನ್ ಪುಟಾಣಿ ಕೋಣೆಗಳು, 68 ಇವೆ, ಯಾರೂ ಹೇಳಲ್ಲ ಇದನ್ನ. ಗೋಡೆ ಒಳಗೆ ಕಿಟಕಿ ಥರ, ಇಣುಕಿದ್ರೆ ಹಳೇ ಕಾಲದ ಯುರೋಪು ಅಮೆರಿಕದ ಮನೆಗಳು, ಒಂದಡಿ ಸಾಮಾನು ಒಂದಿಂಚಿಗೆ ಇಳ್ಸಿದಾರೆ, ಮೇಜು, ದೀಪದ ಕಂಬ, ಓದಿ ಅರ್ಧಕ್ಕೆ ಬಿಟ್ಟ ಹಾಗಿರೋ ಪುಸ್ತಕ, ದಸರಾ ಗೊಂಬೆ ಕೂರ್ಸೋ ಮನೆಯವ್ರು ಇಲ್ಲಿಂದ ಕದಲೋದೇ ಇಲ್ಲ. ನಡೆಯೋಕೆ ಆಗದವ್ರಿಗೆ ಮ್ಯೂಸಿಯಂನವ್ರೇ ವೀಲ್‌ಚೇರ್ ಕೊಡ್ತಾರೆ, ಸಂಕೋಚ ಬೇಡ, ಕೇಳಿ.

ಪಕ್ಕದಲ್ಲೇ ಮಿಲೇನಿಯಂ ಪಾರ್ಕ್, 2004ರಲ್ಲಿ ಓಪನ್ ಆಗಿದ್ದು, ಪುಕ್ಕಟೆ. ಬೀನ್ ಅಂತ ಎಲ್ಲರೂ ಕರೆಯೋ ಕನ್ನಡಿ ಶಿಲ್ಪ ಮಾಡಿದ್ದು ಮುಂಬೈಲಿ ಹುಟ್ಟಿದ ಅನಿಶ್ ಕಪೂರ್. 168 ಸ್ಟೀಲ್ ತಗಡು ಬೆಸುಗೆ ಹಾಕಿ ಉಜ್ಜಿರೋದು, ಒಂದು ಜಾಯಿಂಟೂ ಕಾಣಲ್ಲ. ಎಲ್ಲರೂ ಮುಂದೆ ನಿಂತು ಸೆಲ್ಫಿ ತಗೊಂಡು ಹೋಗ್ತಾರೆ, ನೀವು ಅದರ ಹೊಟ್ಟೆ ಕೆಳಗೆ ಹೋಗಿ ತಲೆ ಎತ್ತಿ, ಅಲ್ಲಿ ನಿಮ್ಮ ಮುಖ ಒಂದಲ್ಲ, ಸುರುಳಿ ಸುತ್ಕೊಂಡು ಮೇಲೆ ಹೋಗ್ತಿರೋ ನಾಲ್ಕೈದು ಇರುತ್ತೆ, ನಮ್ಮದು ಯಾವುದು ಅಂತ ಹುಡುಕೋದೇ ಮಜ. ಟಾಯ್ಲೆಟ್ ಬೇಕಂದ್ರೆ ರಸ್ತೆ ದಾಟಿ ಕಲ್ಚರಲ್ ಸೆಂಟರಿಗೆ ಹೋಗಿ, 1897ರ ಹಳೇ ಲೈಬ್ರರಿ ಕಟ್ಟಡ, ಮೇಲೆ 38 ಅಡಿ ಅಗಲದ ಟಿಫಾನಿ ಗಾಜಿನ ಗುಮ್ಮಟ ಇದೆ, ಟಿಕೆಟ್ ಇಲ್ಲ, ಕೂರೋಕೆ ಜಾಗಾನೂ ಇದೆ.

ಎರಡನೇ ದಿನ ದೋಣಿ. ನನ್ನ ಕೇಳಿದ್ರೆ ಶಿಕಾಗೋದಲ್ಲಿ ಒಂದೇ ಒಂದಕ್ಕೆ ದುಡ್ಡು ಕೊಡಿ ಅಂದ್ರೆ ಇದಕ್ಕೇ ಕೊಡಿ. ನದಿ ಮೇಲೆ ಆರ್ಕಿಟೆಕ್ಚರ್ ಟೂರು, ಹತ್ತಿರ ಹತ್ತಿರ ಒಂದೂವರೆ ಗಂಟೆ, ಮಿಷಿಗನ್ ಅವೆನ್ಯೂ ಸೇತುವೆ ಹತ್ರ ಹತ್ತೋದು. ನಡೀಬೇಕಾಗಿಲ್ಲ, ಕೂತ್ಕೊಂಡೇ ಊರೆಲ್ಲಾ ಪಕ್ಕದಲ್ಲಿ ಹಾದು ಹೋಗುತ್ತೆ. ದೋಣಿ ಅದೇ ದಾರೀಲಿ ತಿರುಗಿ ಬರೋದ್ರಿಂದ ಯಾವ ಕಡೆ ಕೂತ್ರೂ ಪರವಾಗಿಲ್ಲ, ಮೇಲಿನ ಡೆಕ್ಕಲ್ಲಿ ಬಿಸಿಲು ಗಾಳಿ ಎರಡೂ ಜೋರು, ಟೋಪಿ ಬೇಕೇ ಬೇಕು, ಸೀರೆ ಉಟ್ಟೋರಿಗೆ ಸೆರಗಿಗೆ ಎರಡು ಪಿನ್ನು ಜಾಸ್ತಿ ಹಾಕಿ.

ಗೈಡ್ ಇಂಗ್ಲಿಷಲ್ಲಿ ಪಟಪಟ ಅಂತ ಹೇಳ್ಕೊಂಡು ಹೋಗ್ತಾರೆ, ಅಮ್ಮಂಗೆ ಅರ್ಧ ತಪ್ಪಿ ಹೋಗುತ್ತೆ, ಹಾಗಾಗಿ ನೀವು ಮೊದಲೇ ಕಥೆ ಹೇಳಿಡಿ. 1871ರಲ್ಲಿ ದೊಡ್ಡ ಬೆಂಕಿ ಬಿದ್ದು ಊರಿನ ಮಧ್ಯಭಾಗವೇ ಸುಟ್ಟೋಯ್ತು, ಹೊಸದಾಗಿ ಕಟ್ಟೋವಾಗ ಉಕ್ಕಿನ ಚೌಕಟ್ಟು, ಲಿಫ್ಟು ಎರಡೂ ಕೈಗೆ ಸಿಕ್ಕಿತ್ತು, ಹಾಗಾಗಿ ಮೇಲಕ್ಕೆ ಮೇಲಕ್ಕೆ ಏರಿಸ್ತಾ ಹೋದ್ರು. ನದಿ ಕಥೆ ಇನ್ನೂ ಚೆನ್ನಾಗಿದೆ. ಊರಿನ ಕೊಳಚೆ ಎಲ್ಲಾ ನದಿಗೆ, ನದಿ ಲೇಕಿಗೆ, ಕುಡಿಯೋ ನೀರೂ ಅದೇ ಲೇಕಿಂದು. ಕೊನೆಗೆ ಕಾಲುವೆ ತೋಡಿ 1900ರಲ್ಲಿ ನದೀನೇ ಉಲ್ಟಾ ಹರಿಸಿದ್ರು, ಈಗ್ಲೂ ಅದು ಲೇಕಿಂದ ಆಚೆ ಮಿಸಿಸಿಪ್ಪಿ ಕಡೆಗೇ ಹೋಗೋದು. ದಾರೀಲಿ ಮರೀನಾ ಸಿಟಿ ಅಂತ ಎರಡು ಗುಂಡು ಕಟ್ಟಡ ಬರುತ್ತೆ, ಜೋಳದ ತೆನೆ ಅಂತಾನೇ ಇಲ್ಲಿಯವ್ರು ಕರೆಯೋದು, ಕೆಳಗಿನ ಮಹಡಿಗಳಲ್ಲಿ ಕಾರುಗಳು ಅಂಚಿಗೆ ಮೂತಿ ಇಟ್ಕೊಂಡು ನಿಂತಿರುತ್ತೆ, ತಡೆಗೋಡೆ ಇದೆಯೋ ಇಲ್ವೋ ಅನ್ಸುತ್ತೆ. ದೋಣಿ ಇಳಿದ ಮೇಲೆ ಪಕ್ಕದ ಟ್ರಿಬ್ಯೂನ್ ಟವರ್ ಗೋಡೆ ನೋಡಿ, ಪ್ರಪಂಚದ ಬೇರೆಬೇರೆ ಕಡೆಯ ಕಲ್ಲಿನ ತುಂಡು ಕೂರ್ಸಿದಾರೆ, ತಾಜ್ ಮಹಲಿಂದೂ ಒಂದಿದೆ, ಹುಡುಕೋ ಕೆಲಸ ಮೊಮ್ಮಕ್ಕಳಿಗೆ ಬಿಡಿ.

ನೇವಿ ಪಿಯರ್ ಬಗ್ಗೆ ಜಾಸ್ತಿ ಹೇಳಲ್ಲ. ಲೇಕಿನೊಳಕ್ಕೆ ಚಾಚಿರೋ ಕಟ್ಟೆ ಮೇಲಿನ ಜಾತ್ರೆ. ಬೇಸಿಗೆ ರಾತ್ರಿ ಪಟಾಕಿ ಇರೋ ದಿನ ನೋಡ್ಕೊಂಡು ಹೋಗಿ, ಇಲ್ದಿದ್ರೆ ಬಿಟ್ರೂ ನಷ್ಟ ಇಲ್ಲ. ಅಲ್ಲಿರೋ ಜಯಂಟ್ ವೀಲ್‌ನ ಮೂಲ ಮಾತ್ರ ಇದೇ ಊರು, ಜಾರ್ಜ್ ಫೆರಿಸ್ ಮೊದಲ್ನೇದು ನಿಲ್ಸಿದ್ದು 1893ರ ವಿಶ್ವ ಪ್ರದರ್ಶನದಲ್ಲಿ, ವಿವೇಕಾನಂದರು ಬಂದ ಸಮ್ಮೇಳನವೂ ಅದೇ ಪ್ರದರ್ಶನದ ಭಾಗ.

ಮೂರನೇ ದಿನ ಮೊಮ್ಮಕ್ಕಳು ಇದ್ರೆ ಮ್ಯೂಸಿಯಂ ಕ್ಯಾಂಪಸ್, 146 ನಂಬರ್ ಬಸ್ಸು. ಫೀಲ್ಡ್ ಮ್ಯೂಸಿಯಂ, ಶೆಡ್ ಅಕ್ವೇರಿಯಂ, ಆ್ಯಡ್ಲರ್ ಪ್ಲಾನೆಟೇರಿಯಂ ಮೂರೂ ಅಕ್ಕಪಕ್ಕ, ಆದ್ರೆ ಒಂದನ್ನ ಆರ್ಸ್ಕೊಳ್ಳಿ. ಫೀಲ್ಡಲ್ಲಿ ಸೂ ಅನ್ನೋ ಡೈನೋಸಾರ್ ಅಸ್ಥಿಪಂಜರ ಇದೆ, 40 ಅಡಿ ಉದ್ದ, ಮಕ್ಕಳಿಗೆ ಅಷ್ಟೇ ಸಾಕು. ಒಳಗೆ ಹೋಗ್ಲಿ ಬಿಡ್ಲಿ, ಆ್ಯಡ್ಲರ್ ಮುಂದಿನ ಹುಲ್ಲಿನ ಮೇಲೆ ಕೂತ್ಕೊಂಡ್ರೆ ನೀರಿನಾಚೆ ಇಡೀ ಊರು ಸಾಲಾಗಿ ಕಾಣುತ್ತೆ, ಕ್ಯಾಲೆಂಡರ್ ಫೋಟೋಗಳೆಲ್ಲಾ ಇಲ್ಲಿಂದಾನೇ. ಚಿತ್ರಾನ್ನದ ಡಬ್ಬಿ ಬಿಚ್ಚೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಮಕ್ಕಳಿಲ್ಲದಿದ್ರೆ ಪರ್ಪಲ್ ಲೈನ್ ಹಿಡಿದು ಕೊನೇ ಸ್ಟೇಷನ್ ಲಿಂಡನ್‌ನಲ್ಲಿ ಇಳಿದು ವಿಲ್ಮೆಟ್‌ನ ಬಹಾಯಿ ಮಂದಿರಕ್ಕೆ ಹೋಗಿ, ಬಿಳೀ ಜಾಲರಿ ಗುಮ್ಮಟ, ಸುತ್ತ ತೋಟ, ಎಲ್ಲಾ ಧರ್ಮದವ್ರಿಗೂ ಪ್ರವೇಶ, ಹಿರಿಯರಿಗೆ ಎಲ್ಲಕ್ಕಿಂತ ಇದೇ ಹಿಡಿಸೋದು ಜಾಸ್ತಿ.

ಊಟದ ವಿಷಯ. ಡೀಪ್ ಡಿಶ್ ಪಿಜ್ಜಾ, ಅಂದ್ರೆ ಆಳದ ತಟ್ಟೇಲಿ ಬೇಯಿಸೋ ದಪ್ಪ ಪಿಜ್ಜಾ, ಒಂದ್ಸಲ ತಿನ್ಸಿ, ಪಾಲಕ್ ಹಾಕಿದ್ದು ಆರ್ಡರ್ ಮಾಡಿ, ಬೇಯೋಕೆ ಮುಕ್ಕಾಲು ಗಂಟೆ ಹಿಡಿಯುತ್ತೆ, ಹಸಿವಾಗೋಕೆ ಮುಂಚೇನೇ ಆರ್ಡರ್ ಹಾಕಿ. ಒಬ್ಬರಿಗೆ ಒಂದು ತುಂಡು ಸಾಕು, ಚಟ್ನಿಪುಡಿ ಪೊಟ್ಟಣ ಬ್ಯಾಗಲ್ಲಿರ್ಲಿ, ಉಪ್ಪು ಖಾರ ಇಲ್ಲ ಅಂತ ಗೊಣಗೋರಿಗೆ ಅದೇ ಮದ್ದು. ದೋಸೆ ಬೇಕೇ ಬೇಕಂದ್ರೆ ಡೆವನ್ ಅವೆನ್ಯೂ, ಇಂಡಿಯನ್ ದಿನಸಿ ಅಂಗಡಿ ಪಟೇಲ್ ಬ್ರದರ್ಸ್ 1974ರಲ್ಲಿ ಶುರುವಾಗಿದ್ದೂ ಇದೇ ರಸ್ತೇಲಿ. ಸೀರೆ ಅಂಗಡಿ, ಚಿನ್ನದಂಗಡಿ, ಪಾನ್ ಎಲ್ಲಾ ಇದೆ, ಅದೇ ರಸ್ತೆಯ ಒಂದು ತುಂಡು ಗಾಂಧಿ ಮಾರ್ಗ, ಇನ್ನೊಂದು ತುಂಡು ಜಿನ್ನಾ ವೇ, ಇದನ್ನ ನೋಡಿ ಅಪ್ಪ ಶುರು ಮಾಡೋ ಭಾಷಣಕ್ಕೆ ಟೈಮ್ ಇಟ್ಕೊಳ್ಳಿ. ರೆಡ್ ಲೈನಲ್ಲಿ ಲೊಯೋಲಾ ತನಕ ಹೋಗಿ 155 ನಂಬರ್ ಬಸ್ಸು.

ಯಾವಾಗ ಅಂದ್ರೆ ಮೇ ಕೊನೆಯಿಂದ ಅಕ್ಟೋಬರ್ ಮಧ್ಯದ ತನಕ. ಜುಲೈನಲ್ಲೂ ಲೇಕ್ ಹತ್ರ ಸಂಜೆ ಗಾಳಿ ತಣ್ಣಗೆ ಬೀಸುತ್ತೆ, ಸ್ವೆಟರ್ ಬಿಟ್ಟು ಹೊರಡ್ಬೇಡಿ. ಜನವರೀಲಿ ಬಂದವ್ರಿಗೆ ಟವರು, ಮ್ಯೂಸಿಯಂ ಮಾತ್ರ ಇಟ್ಕೊಳ್ಳಿ, ಮಂಕಿ ಟೋಪಿ ಹಾಕ್ಸಿ. ಮತ್ತೆ ಬೆಳಿಗ್ಗೆ ಹೊರಡೋಕೆ ಮುಂಚೆ ವಾಪಸ್ ಬರೋ ಮೆಟ್ರಾ ಟೈಮ್ ನೋಡ್ಕೊಂಡಿರಿ, ವೀಕೆಂಡಲ್ಲಿ ಟ್ರೈನು ಕಮ್ಮಿ, ಒಂದು ತಪ್ಪಿದ್ರೆ ಸ್ಟೇಷನ್ನಿನ ಬೆಂಚಲ್ಲಿ ತುಂಬಾ ಹೊತ್ತು ಕೂರ್ಬೇಕಾಗುತ್ತೆ.