ಇಂದಿನ ಅಭ್ಯಾಸದಿಂದ ಬಾಲ್ಯದ ಕಡೆಗೆ: ನೆನಪುಗಳನ್ನು ಬರೆದಿಡುವ ಒಂದು ಕ್ರಮ

ಬಾಲ್ಯದ ನೆನಪುಗಳನ್ನು ಬರೆಯಲು ಕುಳಿತವರು ಸಾಮಾನ್ಯವಾಗಿ ತಮ್ಮ ಮೊಟ್ಟಮೊದಲ ನೆನಪನ್ನು ಹುಡುಕಲು ತೊಡಗಿ, ಎರಡು ಪುಟ ತುಂಬುವಷ್ಟರಲ್ಲಿ ದಣಿದು ನಿಲ್ಲಿಸುತ್ತಾರೆ. ಮೂರು, ಮೂರೂವರೆ ವರ್ಷಕ್ಕಿಂತ ಮೊದಲು ನಡೆದದ್ದು ಬಹುತೇಕ ಯಾರಿಗೂ ದೊಡ್ಡವರಾದ ಮೇಲೆ ನೆನಪಿರುವುದಿಲ್ಲ. ನೆನಪಿದೆ ಎಂದು ತೋರುವುದರಲ್ಲಿ ದೊಡ್ಡ ಪಾಲು ಮನೆಯವರು ಹೇಳುತ್ತ ಬಂದ ಕಥೆ ಅಥವಾ ಆಲ್ಬಮ್ಮಿನಲ್ಲಿ ನೋಡಿದ ಫೋಟೋ. ಆದ್ದರಿಂದ ನಾನು ಸೂಚಿಸುವ ಕ್ರಮ ಹಿಮ್ಮುಖವಾದದ್ದು. ಇಂದು ನಿಮ್ಮಲ್ಲಿ ಉಳಿದಿರುವ, ಏಕೆ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಥಟ್ಟನೆ ಉತ್ತರ ತೋಚದ ಒಂದು ಅಭ್ಯಾಸವನ್ನು ಹಿಡಿದು ಅಲ್ಲಿಂದ ಹಿಂದಕ್ಕೆ ಹೋಗಬೇಕು. ನೆನಪು ವರ್ಷದಿಂದ ವರ್ಷಕ್ಕೆ ಬಣ್ಣ ಬದಲಿಸುತ್ತದೆ, ಅಭ್ಯಾಸವಾದರೋ ಕಣ್ಣೆದುರಿಗೇ ಇರುತ್ತದೆ.

ಮುಂಬಯಿಯ ಚಾಳುಗಳಲ್ಲಿ, ಅಂದರೆ ಒಂದೇ ಗ್ಯಾಲರಿಗೆ ಬಾಗಿಲು ತೆರೆಯುವ ಸಾಲುಮನೆಗಳ ಕಟ್ಟಡಗಳಲ್ಲಿ, ಬೆಳೆದ ಕನ್ನಡಿಗರಿಗೆ ಇಂತಹ ಅಭ್ಯಾಸಗಳನ್ನು ಹುಡುಕುವುದು ಕಷ್ಟವಲ್ಲ. ಸ್ವಂತ ಫ್ಲಾಟಿನಲ್ಲಿದ್ದರೂ ಫೋನಿನಲ್ಲಿ ದನಿ ತಗ್ಗಿಸಿಯೇ ಮಾತನಾಡುವವರಿದ್ದಾರೆ. ಊರಿಗೆ ಹೊರಡುವ ಹಿಂದಿನ ರಾತ್ರಿಯೇ ಚೀಲಗಳನ್ನೆಲ್ಲ ಬಾಗಿಲ ಬಳಿ ಸಾಲಾಗಿ ನಿಲ್ಲಿಸದಿದ್ದರೆ ನಿದ್ದೆ ಬಾರದವರಿದ್ದಾರೆ. ನನ್ನದು ನೀರಿನ ಅಭ್ಯಾಸ. ಕಟ್ಟಡದ ಮೇಲೆ ಟಾಂಕಿಯಿದ್ದು ನಳದಲ್ಲಿ ದಿನವಿಡೀ ನೀರು ಬರುತ್ತಿದ್ದರೂ ಮಲಗುವ ಮುನ್ನ ಒಂದು ಬಕೆಟ್ ತುಂಬಿ, ಅದರ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ತಂಬಿಗೆಯನ್ನು ಬೋರಲು ಹಾಕದೆ ನಾನು ದೀಪ ಆರಿಸುವುದಿಲ್ಲ.

ಅಭ್ಯಾಸವೊಂದು ಸಿಕ್ಕಿದ ಬಳಿಕ ಅದರ ಅರ್ಥವೇನೆಂದು ಕೂಡಲೇ ಬರೆಯಬೇಡಿ. ಮೊದಲು ಅದನ್ನು ಮಾಡುವಾಗ ಕೈ, ಕಿವಿ, ಮೂಗು ಯಾವುದಕ್ಕೆ ಕಾಯುತ್ತವೆ ಎಂಬುದನ್ನು ಗಮನಿಸಿ, ಅದಕ್ಕೆ ಹೊಂದುವ ಹಳೆಯ ಜಾಗವೊಂದನ್ನು ಆರಿಸಿಕೊಂಡು, ಒಂದೇ ಒಂದು ಬೆಳಗನ್ನು ಅಥವಾ ಸಂಜೆಯನ್ನು ಬರೆಯಿರಿ. ‘ನಮ್ಮ ಬಾಲ್ಯದಲ್ಲಿ ನೀರಿಗೆ ತುಂಬ ಕಷ್ಟವಿತ್ತು’ ಎಂಬ ವಾಕ್ಯ ಸುಳ್ಳಲ್ಲ, ಆದರೆ ಅದರಿಂದ ಏನೂ ಹುಟ್ಟುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು: ಚಾಳಿನ ಕೊನೆಯ ನಳದಲ್ಲಿ ನೀರು ಬರುವ ಮೊದಲು ಗಾಳಿ ಬರುತ್ತಿತ್ತು, ಆ ಬುಸ್ಸೆನ್ನುವ ಸದ್ದು ಕೇಳಿದೊಡನೆ ಗ್ಯಾಲರಿಯುದ್ದಕ್ಕೂ ಬಾಗಿಲುಗಳ ಚಿಲಕ ಸರಿಯುತ್ತಿತ್ತು, ಹಿತ್ತಾಳೆಯ ಕೊಡದ ತಳಕ್ಕೆ ಬಿದ್ದ ಮೊದಲ ಧಾರೆ ಖಣಖಣ ಎನ್ನುತ್ತ, ಕೊಡ ತುಂಬಿದಂತೆ ದನಿ ಏರುತ್ತ, ಕಂಠಕ್ಕೆ ಬಂದಾಗ ತೆಳ್ಳಗಾಗುತ್ತಿತ್ತು, ಅಮ್ಮ ಒಳಗಿನಿಂದಲೇ ಆ ದನಿ ಕೇಳಿ ‘ತುಂಬಿತು, ತೆಗಿ’ ಎನ್ನುತ್ತಿದ್ದರು. ಇಷ್ಟು ಬರೆದ ಮೇಲೆಯೇ ನನಗೆ ತಿಳಿದದ್ದು, ಇಂದಿಗೂ ಬಕೆಟ್ಟಿನ ಕಡೆ ನೋಡದೆ ಕಿವಿಯಿಂದಲೇ ನಳ ನಿಲ್ಲಿಸುತ್ತೇನೆ ಎಂದು.

ನೆನಪು ಮುಂದಕ್ಕೆ ಸಾಗದಿದ್ದರೆ ವಾಸನೆಯ ಸಹಾಯ ಪಡೆಯಿರಿ. ಕಣ್ಣು ಕಿವಿಗಳ ಸಂದೇಶವು ಮಿದುಳಿನ ನಡುವಣ ಥಲಾಮಸ್ ಎಂಬ ಭಾಗವನ್ನು ದಾಟಿ ಹೋಗುತ್ತದೆ. ಮೂಗಿನಿಂದ ಬಂದ ಸಂದೇಶಕ್ಕೆ ಮಾತ್ರ ಭಾವನೆ ಮತ್ತು ನೆನಪಿನ ಕೇಂದ್ರಗಳೊಡನೆ ಹತ್ತಿರದ, ನೇರವಾದ ಸಂಪರ್ಕವಿದೆ. ವಾಸನೆ ಎಬ್ಬಿಸುವ ನೆನಪುಗಳು ಬಹುಮಟ್ಟಿಗೆ ಬದುಕಿನ ಮೊದಲ ಹತ್ತು ವರ್ಷಗಳವು ಎಂಬುದೂ ಅಧ್ಯಯನಗಳಲ್ಲಿ ಕಂಡುಬಂದಿದೆ. ಸೀಮೆಎಣ್ಣೆಯ ಸ್ಟವ್, ಮಳೆಗಾಲದಲ್ಲಿ ಒಣಗದ ಸಮವಸ್ತ್ರ, ಊರಿನಿಂದ ಬಂದ ಹಲಸಿನ ಹಪ್ಪಳದ ಕಟ್ಟು, ಮುಂಬಯಿಯ ಮಾಟುಂಗಾ ಮಾರುಕಟ್ಟೆಯ ಮಲ್ಲಿಗೆ ಮತ್ತು ಕಾಫಿಪುಡಿ: ಇವುಗಳಲ್ಲಿ ಯಾವುದು ಈಗಲೂ ಸಿಗುತ್ತದೋ ಅದರ ಬಳಿ ಹೋಗಿ ನಿಂತು ಬಂದು ಆಮೇಲೆ ಬರೆಯುವುದು ಒಳ್ಳೆಯದು.

ಬರೆಯುವುದು ಮೊದಲ ಹಂತವಾದರೆ ಎರಡನೆಯ ಹಂತ ಪರಿಶೀಲನೆ, ಮತ್ತು ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ನೆನಪು ಪ್ರತಿ ಸಲವೂ ಹೊಸದಾಗಿ ಕಟ್ಟಲ್ಪಡುತ್ತದೆ ಎಂಬುದನ್ನು ಮನೋವಿಜ್ಞಾನಿ ಫ್ರೆಡರಿಕ್ ಬಾರ್ಟ್‌ಲೆಟ್ 1932ರಲ್ಲೇ ತೋರಿಸಿದ್ದರು. 1995ರಲ್ಲಿ ಮನೋವಿಜ್ಞಾನಿ ಎಲಿಜಬೆತ್ ಲಾಫ್ಟಸ್ ಮತ್ತು ಅವರ ಸಹೋದ್ಯೋಗಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿಕ್ಕಂದಿನಲ್ಲಿ ಮಾಲ್ ಒಂದರಲ್ಲಿ ಕಳೆದುಹೋಗಿದ್ದಿರಿ ಎಂದು ಇಪ್ಪತ್ತನಾಲ್ಕು ಜನರಿಗೆ ಸುಳ್ಳು ಕಥೆ ಕೊಟ್ಟಾಗ, ಸುಮಾರು ನಾಲ್ಕನೆಯ ಒಂದು ಭಾಗದಷ್ಟು ಜನ ಅದನ್ನು ಪೂರ್ತಿಯಾಗಿ ಅಥವಾ ಭಾಗಶಃ ತಮ್ಮದೇ ನೆನಪೆಂದು ಒಪ್ಪಿಕೊಂಡರು. ಹಾಗೆಂದು ಎಲ್ಲವನ್ನೂ ಶಂಕಿಸುತ್ತ ಕೂರಬೇಕಾಗಿಲ್ಲ. ಕಾಲವೊಂದನ್ನು ಗಟ್ಟಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ. ಮನೆಯ ಹಳೆಯ ರೇಶನ್ ಕಾರ್ಡಿನಲ್ಲಿ ಯಾರು ಯಾರ ಹೆಸರಿದೆ, ಶಾಲೆ ಬಿಟ್ಟಾಗ ಕೊಟ್ಟ ಎಲ್‌ಸಿ ಎಂಬ ಪ್ರಮಾಣಪತ್ರದಲ್ಲಿ ಸೇರಿದ ದಿನಾಂಕ ಯಾವುದು ಎಂದು ನೋಡಿ. ನಗರದ ಇತಿಹಾಸವೂ ನೆರವಿಗೆ ಬರುತ್ತದೆ. ಅಪ್ಪ ಗಿರಣಿಗೆ ಹೋಗದೆ ಮನೆಯಲ್ಲೇ ಕುಳಿತಿದ್ದ ನೆನಪಿದ್ದರೆ ಅದು 1982ರ ಜನವರಿಯಲ್ಲಿ ಆರಂಭವಾದ ಬಟ್ಟೆ ಗಿರಣಿ ಮುಷ್ಕರದ ಕಾಲವೇ ಎಂದು ವಿಚಾರಿಸಬಹುದು. ಮುಂಬಯಿಯಿಂದ ಮಂಗಳೂರಿನ ಕಡೆಗೆ ಕರಾವಳಿಯ ಸುರಂಗಗಳ ಮೂಲಕ ರೈಲಿನಲ್ಲಿ ಹೋದ ನೆನಪಿದ್ದರೆ ಅದು ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದ 1998ಕ್ಕಿಂತ ಹಿಂದಿನದಾಗಿರಲಾರದು. ಕನ್ನಡ ಸಂಘದ ವೇದಿಕೆಯಲ್ಲಿ ವೇಷ ಹಾಕಿದವರು, 1926ರಷ್ಟು ಹಳೆಯದಾದ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂತಹ ಸಂಸ್ಥೆಗಳ ಹಳೆಯ ಸ್ಮರಣ ಸಂಚಿಕೆಗಳನ್ನು ಹುಡುಕಿದರೆ ತಮ್ಮ ಹೆಸರೇ ಕಾಣಬಹುದು.

ಹಿರಿಯರನ್ನು ಕೇಳುವಾಗ ಪ್ರಶ್ನೆ ಚಿಕ್ಕದಾಗಿರಲಿ. ‘ಆಗ ಜೀವನ ಹೇಗಿತ್ತು?’ ಎಂದರೆ ‘ಕಷ್ಟ ಇತ್ತು ಮಾರಾಯ’ ಎಂಬ ಉತ್ತರದಾಚೆ ಮಾತು ಬೆಳೆಯುವುದಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ಮಾವನಿದ್ದರೆ, ಶಾಲೆಗೆ ಹೊರಡುವ ಮೊದಲು ಕೈಯ ಎಣ್ಣೆಜಿಡ್ಡನ್ನು ಎಲ್ಲಿ ತೊಳೆಯುತ್ತಿದ್ದಿರಿ ಎಂದು ಕೇಳಿ. ನಾನು ಡೊಂಬಿವಲಿಯ ಅಕ್ಕನಿಗೆ ಫೋನು ಮಾಡಿ, ‘ಅಕ್ಕಾ, ನಳಕ್ಕೆ ನೀರು ಬರ್ತಿದ್ದದ್ದು ಎಷ್ಟು ಗಂಟೆಗೆ?’ ಎಂದಾಗ ಅವಳು, ‘ಗಂಟೆ ಯಾರಿಗೆ ಗೊತ್ತು, ಆರೆ ಸೆಂಟರಿನಿಂದ ಹಾಲಿನ ಬಾಟಲಿ ತರುವುದಕ್ಕೆ ಮೊದಲು. ನಳದ ಸಾಲಿನಲ್ಲಿ ಎಷ್ಟು ಮಜಾ ಇತ್ತು, ಅಲ್ವಾ?’ ಎಂದಳು. ನನಗೆ ನೆನಪಿರುವ ಸಾಲಿನಲ್ಲಿ ಮಜಾ ಇರಲಿಲ್ಲ. ಯಾರ ಕೊಡ ಮುಂದೆ ಎಂಬ ಜಗಳ ಯಾವಾಗ ಹೊತ್ತಿಕೊಳ್ಳುತ್ತದೋ ಎಂಬ ದಿಗಿಲಿತ್ತು.

ಬಾಲ್ಯವು ನಮ್ಮನ್ನು ಹೇಗೆ ತಿದ್ದಿತು ಎಂಬ ವಿಚಾರಕ್ಕೆ ಕೈ ಹಾಕಬೇಕಾದದ್ದು ಇಂತಹ ಕಡೆಯಲ್ಲಿ. ಅದೇ ನಳ, ಅದೇ ಸಾಲು; ಅಕ್ಕ ಇಂದಿಗೂ ಬ್ಯಾಂಕಿನ ಸಾಲಿನಲ್ಲಿ ನಿಂತು ಮೂವರ ಪರಿಚಯ ಮಾಡಿಕೊಂಡು ಬರುತ್ತಾಳೆ, ನಾನು ಸಾಲು ಕಂಡರೆ ನಾಳೆ ಬರೋಣ ಎಂದು ಹಿಂದಿರುಗುತ್ತೇನೆ. ಆದ್ದರಿಂದ ‘ಆ ಘಟನೆಯಿಂದ ನಾನು ಹೀಗಾದೆ’ ಎಂದು ಬರೆಯುವ ಮೊದಲು, ಅದೇ ಘಟನೆಯನ್ನು ಕಂಡು ಬೇರೆ ರೀತಿ ಬೆಳೆದವರು ಯಾರಿದ್ದಾರೆಂದು ನೋಡಿ, ಇಬ್ಬರ ನೆನಪುಗಳನ್ನೂ ಎದುರುಬದುರು ಪುಟಗಳಲ್ಲಿ ಬರೆದಿಡಿ. ಒಂದನ್ನು ಸರಿ, ಇನ್ನೊಂದನ್ನು ತಪ್ಪು ಎಂದು ತೀರ್ಮಾನಿಸುವ ಅಗತ್ಯವಿಲ್ಲ. ಇಬ್ಬರ ನಡುವಣ ವಯಸ್ಸಿನ ಅಂತರ, ಸಾಲಿನಲ್ಲಿ ಯಾರು ಯಾರ ಪಕ್ಕ ನಿಲ್ಲುತ್ತಿದ್ದರು, ಜಗಳವಾದ ದಿನ ಮನೆಯಲ್ಲಿ ಯಾರಿಗೆ ಬೈಗುಳ ಬೀಳುತ್ತಿತ್ತು ಎಂಬುದನ್ನು ಕೇಳಿ ತಿಳಿದರೆ ಕಾರಣ ಸ್ವಲ್ಪ ಸ್ವಲ್ಪವಾಗಿ ಗೋಚರಿಸುತ್ತದೆ.

ನೋವಿನ ನೆನಪುಗಳಿಗೆ ಮಾತ್ರ ಬೇರೆ ನಿಯಮ ಬೇಕು. ಮನೋವಿಜ್ಞಾನಿ ಜೇಮ್ಸ್ ಪೆನ್ನಿಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾಗವಹಿಸಿದವರಲ್ಲಿ ಹಲವರು ತಮ್ಮ ನೋವಿನ ಅನುಭವಗಳ ಬಗ್ಗೆ ದಿನಕ್ಕೆ ಹದಿನೈದು ನಿಮಿಷದಂತೆ ನಾಲ್ಕು ದಿನ ಬರೆದಿದ್ದರು. ಬರೆದ ಕೂಡಲೇ ಕೆಲವರ ಮನಸ್ಸು ಇನ್ನಷ್ಟು ಕುಗ್ಗಿತ್ತು ಎಂಬುದನ್ನೂ ಆ ಪ್ರಯೋಗ ದಾಖಲಿಸಿದೆ. ಗಡಿಯಾರವಿಟ್ಟು ಅಷ್ಟೇ ಹೊತ್ತು ಬರೆಯಿರಿ, ರಾತ್ರಿ ಮಲಗುವ ಹೊತ್ತಿನಲ್ಲಿ ಬೇಡ, ಮತ್ತು ಬರೆದದ್ದನ್ನು ಮನೆಯವರಿಗೆ ಓದಿ ಹೇಳಲೇಬೇಕೆಂದಿಲ್ಲ. ನಿದ್ದೆ ಕೆಡುವಷ್ಟು ಕಾಡಿದರೆ ಪುಸ್ತಕ ಮುಚ್ಚಿಟ್ಟು ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿರಿ. ನೀರಿನ ಬಕೆಟ್ಟಿನಂತಹ ನಿರುಪದ್ರವಿ ಅಭ್ಯಾಸಗಳು ಬೇಕಾದಷ್ಟಿವೆ, ಬರವಣಿಗೆ ಅವುಗಳಿಂದಲೂ ಮುಂದುವರಿಯುತ್ತದೆ.